ಹಾಜರಿಗೆ ಹೋದ ಮುಯ್ಯಾಳು

ನಮ್ಮ ವಿಭಾಗದಲ್ಲಿ ಯಾರಿಗೂ ಬೇಡವಾದ ಕೆಲಸಗಳೆಲ್ಲ ಕೊನೆಗೆ ನನ್ನ ಮೇಜಿಗೆ ಬಂದು ಕೂರುತ್ತವೆ. ಮೊನ್ನೆ ಬಂದದ್ದು, ಮಾನವಿಕ ವಿಭಾಗಕ್ಕೆ ಹೊಸದಾಗಿ ಸೇರುವ ಪದವಿ ವಿದ್ಯಾರ್ಥಿಗಳಿಗಾಗಿ ‘ಉಪಯುಕ್ತ ಮಾಹಿತಿ’ ಎಂಬ ಪುಸ್ತಿಕೆ ಬರೆಯುವ ಕೆಲಸ. “ನೀವು ಕನ್ನಡ ಚೆನ್ನಾಗಿ ಬರೀತೀರಿ ಮೇಡಂ” ಅಂದರು ಮುಖ್ಯಸ್ಥರು. ಹತ್ತು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಹೊಗಳಿಕೆಗಳೆಲ್ಲ ಹೀಗೆ ಒಂದೊಂದು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿವೆ. ಮಾದರಿಗೆ ಇರಲಿ ಎಂದು ಮನೆಯ ಹಳೆಯ ಟ್ರಂಕು ತೆಗೆದೆ. ನಾನು ಬಿ.ಎ.ಗೆ ಸೇರಿದಾಗ ಕಾಲೇಜಿನಲ್ಲಿ ಕೊಟ್ಟಿದ್ದ ಪುಸ್ತಿಕೆ ಸಿಕ್ಕಿತು. ಹನ್ನೆರಡು ಪುಟ, ಸೈಕ್ಲೋಸ್ಟೈಲ್ ಮಾಡಿದ್ದು, ಮೂಲೆಯ ಪಿನ್ನು ತುಕ್ಕು ಹಿಡಿದಿದೆ. ಓದುತ್ತಾ ನೆಲದ ಮೇಲೇ ಕೂತೆ. ಬರೆಯುವ ಕೆಲಸ ಅಲ್ಲಿಗೆ ನಿಂತಿತು.

ಸಕಲೇಶಪುರದ ಸುತ್ತಿನ ಹಳ್ಳಿಗಳಿಂದ ಬಸ್ಸು ಹತ್ತಿ ಬರುತ್ತಿದ್ದ ನಮ್ಮಂಥವರಿಗೆ ಓದಲು ಸಿಕ್ಕ ಮೊದಲ ಕಟ್ಟುಕತೆ ಅದೇ ಇರಬೇಕು. ಕಾಲೇಜಿನ ಹೆಸರು ಬೇಡ, ಅದರ ಪಾಡಿಗೆ ಅದು ಇರಲಿ. “ಗ್ರಂಥಾಲಯವು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ” ಎಂದು ಬರೆದಿದೆ. ಇದರಲ್ಲಿ ಸುಳ್ಳೇನೂ ಇಲ್ಲ. ಬಾಗಿಲು ತೆರೆದೇ ಇರುತ್ತಿತ್ತು, ಬೀಗ ಇದ್ದದ್ದು ಬೀರುಗಳಿಗೆ. ಬೀಗದ ಕೈ ಅಟೆಂಡರ್ ಬಳಿ, ಅಟೆಂಡರ್ ಆನೇಮಹಲಿನ ತನ್ನ ತೋಟದಲ್ಲಿ. ಗಾಜಿನ ಆಚೆ ನಿಂತ ಪುಸ್ತಕಗಳ ಬೆನ್ನಿನ ಮೇಲಿನ ಹೆಸರು ಓದಿ ಓದಿಯೇ ನಾನು ಮೂರು ವರ್ಷ ಜ್ಞಾನ ಸಂಪಾದಿಸಿದೆ. ವಿಚಾರ ಸಂಕಿರಣಗಳಲ್ಲಿ ಆ ಜ್ಞಾನ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಅಲ್ಲಿ ಪುಸ್ತಕದ ಹೆಸರು ಹೇಳಿದರೆ ಸಾಕು, ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ.

‘ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿ’ಯಲ್ಲಿ ಕಾಲು ಮುರಿದ ಬೆಂಚುಗಳು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವು. ‘ದೂರು ಪೆಟ್ಟಿಗೆ’ಯೊಳಗೆ ಕಣಜದ ಹುಳು ಗೂಡು ಕಟ್ಟಿತ್ತು. ದೂರು ಹಾಕಲು ಹೋದ ಒಬ್ಬಿಬ್ಬರು ಬೆರಳು ಊದಿಸಿಕೊಂಡು ಬಂದ ಮೇಲೆ ಕಾಲೇಜಿನಲ್ಲಿ ಯಾರಿಗೂ ಯಾವ ದೂರೂ ಉಳಿಯಲಿಲ್ಲ. ಐಚ್ಛಿಕ ವಿಷಯಗಳನ್ನು “ತಮ್ಮ ಆಸಕ್ತಿ, ಅಭಿರುಚಿಗಳನ್ನು ಕೂಲಂಕಷವಾಗಿ ಪರಾಮರ್ಶಿಸಿ” ಆರಿಸಿಕೊಳ್ಳಬೇಕೆಂದು ಒಂದಿಡೀ ಪುಟದ ಉಪದೇಶವಿದೆ. ಇದ್ದದ್ದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ಒಂದೇ ಕಟ್ಟು. ನಾನು ಕೂಲಂಕಷವಾಗಿ ಪರಾಮರ್ಶಿಸಿ ಅದನ್ನೇ ಆರಿಸಿಕೊಂಡೆ. ಕೊನೆಯ ಪುಟ ‘ಕಲಾ ಪದವೀಧರರಿಗೆ ಉದ್ಯೋಗಾವಕಾಶಗಳು’. “ಅಪಾರವಾಗಿವೆ” ಎಂಬ ಒಂದೇ ಸಾಲು, ಅದರ ಕೆಳಗೆ ಮುಕ್ಕಾಲು ಪುಟ ಖಾಲಿ. ನಮ್ಮ ಪಕ್ಕದ ಮನೆಯವಳೇ ಆದ, ನನ್ನ ಜೊತೆಗೇ ಬಿ.ಎ. ಓದುತ್ತಿದ್ದ ಸುಮಿತ್ರ ಆ ಖಾಲಿ ಜಾಗದಲ್ಲಿ ರಂಗೋಲಿ ಬಿಡಿಸಿದ್ದಳು. ಅಷ್ಟು ಅವಕಾಶವಾದರೂ ಅಲ್ಲಿ ಇತ್ತು.

ಆದರೆ ಐದನೆಯ ಪುಟ ತಮಾಷೆಯದಲ್ಲ. ಪ್ರತಿ ವಿಷಯದಲ್ಲೂ ನೂರಕ್ಕೆ ಎಪ್ಪತ್ತೈದು ಹಾಜರಾತಿ ಇಲ್ಲದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಕಾಯಿಲೆಯಾದರೆ ವೈದ್ಯರ ಸರ್ಟಿಫಿಕೇಟು ತರಬಹುದು, ಅದೂ ವರ್ಷಕ್ಕೆ ಒಂದೇ ಬಾರಿ. ಬರೆದವರು ಕಾಫಿಯನ್ನು ಲೋಟದಲ್ಲಿ ಮಾತ್ರ ನೋಡಿದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಕಡೆ ನವೆಂಬರಿನಿಂದ ಫೆಬ್ರವರಿ ಕಳೆಯುವ ತನಕ ಹಣ್ಣಿನ ಕುಯ್ಲು. ಗಿಡ ಕಾಲೇಜಿನ ವೇಳಾಪಟ್ಟಿ ನೋಡಿಕೊಂಡು ಹಣ್ಣು ಬಿಡುವುದಿಲ್ಲ.

ಹೊಂಗಡಹಳ್ಳದಲ್ಲಿ ನಮ್ಮದು ಎರಡು ಎಕರೆ. ದೊಡ್ಡ ಎಸ್ಟೇಟುಗಳ ಹಾಗೆ ಹಾಜರಿ ಕೂಗುವ ರೈಟರೂ ಇಲ್ಲ, ಲೈನ್ ಮನೆಗಳಲ್ಲಿ ಉಳಿದುಕೊಂಡ ಆಳುಗಳೂ ಇಲ್ಲ. ನಮ್ಮಂಥವರಿಗೆ ಇದ್ದದ್ದು ಮುಯ್ಯಾಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇವತ್ತು ನಿಮ್ಮ ಮನೆಯಿಂದ ಇಬ್ಬರು ನಮ್ಮ ತೋಟಕ್ಕೆ ಬಂದು ಹಣ್ಣು ಕುಯ್ದರೆ, ನಾಳೆ ನಮ್ಮ ಮನೆಯಿಂದ ಇಬ್ಬರು ನಿಮ್ಮ ತೋಟಕ್ಕೆ ಬರಬೇಕು. ಕೂಲಿಯ ಮಾತಿಲ್ಲ, ಮಧ್ಯಾಹ್ನದ ಊಟ ಮಾತ್ರ ತೋಟದವರದು. ಬರಬೇಕಾದವರಿಗೆ ಜ್ವರ ಬಂತು ಅನ್ನಿ, ಆ ಮನೆಯಿಂದ ಬೇರೆ ಯಾರಾದರೂ ಬರಬೇಕು. ಅಪ್ಪ ಬರುವ ಕಡೆ ಮಗಳು ಬಂದರೂ ನಡೆಯಿತು, ಸೊಸೆಯ ಬದಲು ಅತ್ತೆ ಬಂದರೂ ನಡೆಯಿತು. ಯಾರು ಬಂದರು ಅನ್ನುವುದು ಮುಖ್ಯವಲ್ಲ, ಆಳು ತಪ್ಪಬಾರದು. ನಮ್ಮೂರಿನಲ್ಲಿ ಮಾತು ತಪ್ಪಿದವರನ್ನು ಕ್ಷಮಿಸುತ್ತಿದ್ದರು, ಮುಯ್ಯಿ ತಪ್ಪಿಸಿದವರನ್ನು ಮೂರು ತಲೆಮಾರಿನ ತನಕ ಆಡಿಕೊಳ್ಳುತ್ತಿದ್ದರು.

ಈ ಉತ್ತಮ ಪದ್ಧತಿಯನ್ನು ನಾನು ಮತ್ತು ಸುಮಿತ್ರ ಉನ್ನತ ಶಿಕ್ಷಣಕ್ಕೂ ವಿಸ್ತರಿಸಿದೆವು. ಒಂದು ದಿನ ಅವಳು ಕಾಲೇಜಿಗೆ ಹೋಗಿ ಎರಡು ದನಿಯಲ್ಲಿ ಎರಡು ಸಲ “ಪ್ರೆಸೆಂಟ್ ಸರ್” ಅನ್ನುವುದು, ನಾನು ತೋಟದಲ್ಲಿರುವುದು. ಮಾರನೆಯ ದಿನ ನಾನು ಹೋಗುವುದು. ಇತಿಹಾಸದ ಪುಟ್ಟರಾಜು ಸರ್ ಹಾಜರಿ ಪುಸ್ತಕದಿಂದ ತಲೆ ಎತ್ತಿದವರೇ ಅಲ್ಲ. ಆಲೂರು ಕಡೆಯವರು, ಒಳ್ಳೆಯವರು. ಎಂದೋ ಬರೆದಿಟ್ಟ ಹಳದಿಗಟ್ಟಿದ ನೋಟ್ಸನ್ನು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಹೇಳಿ ಬರೆಸುತ್ತಿದ್ದರು. ಪುಸ್ತಕದಲ್ಲಿ ಮೂವತ್ತೆಂಟು ಹೆಸರು, ಬೆಂಚಿನ ಮೇಲೆ ಹನ್ನೊಂದು ಜನ, ಆದರೂ ಮೂವತ್ತು “ಪ್ರೆಸೆಂಟ್ ಸರ್” ಕೇಳಿಸುತ್ತಿತ್ತು.

ಕೆಟ್ಟದ್ದು ನನ್ನಿಂದಲೇ. ಒಂದು ದಿನ ತೋಟದ ಕೆಲಸ ಬೇಗ ಮುಗಿಯಿತೆಂದು ವಿದ್ಯೆಯ ಮೇಲೆ ಎಲ್ಲಿಲ್ಲದ ಆಸೆ ಹುಟ್ಟಿ ಜೀಪು ಹತ್ತಿ ಕಾಲೇಜಿಗೆ ಹೋದೆ. ತರಗತಿಯ ಬಾಗಿಲಲ್ಲಿ ನಿಂತು “ಮೇ ಐ ಕಮ್ ಇನ್ ಸರ್” ಅಂದ ಆ ಗಳಿಗೆಯಲ್ಲೇ ಒಳಗಿನಿಂದ ಸುಮಿತ್ರ ನನ್ನ ದನಿಯಲ್ಲಿ “ಪ್ರೆಸೆಂಟ್ ಸರ್” ಅಂದಳು. ಪುಟ್ಟರಾಜು ಸರ್ ಅಂದು ಮೊದಲ ಬಾರಿಗೆ ತಲೆ ಎತ್ತಿದರು. ಬಾಗಿಲು ನೋಡಿದರು, ಬೆಂಚು ನೋಡಿದರು. ಮರುದಿನದಿಂದ ಹೆಸರು ಕೂಗಿದಾಗ ಎದ್ದು ನಿಂತು ಮುಖ ತೋರಿಸಬೇಕೆಂಬ ಕಾನೂನು ಬಂತು. ಕುಯ್ಲಿನ ಕಾಲದಲ್ಲಿ ಇಡೀ ತರಗತಿಯ ಶಾಪ ನನಗೆ ತಟ್ಟಿತು.

ಉಳಿದದ್ದು ಡಾಕ್ಟರ್ ಸರ್ಟಿಫಿಕೇಟು. ಆ ವರ್ಷ ಬಿ.ಎ. ಅಂತಿಮ ತರಗತಿಯ ಮುಕ್ಕಾಲು ಪಾಲು ವಿದ್ಯಾರ್ಥಿಗಳಿಗೆ ಕಾಮಾಲೆ ಬಂತು. ನನಗೂ ಬಂತು, ಕಾಗದದ ಮೇಲೆ. ಹಾನುಬಾಳಿನ ಕಡೆಯವರಿಗೆ ಬಂದ ಕಾಮಾಲೆ ಅರೇಬಿಕಾ ಕುಯ್ಲು ಮುಗಿದ ವಾರವೇ ವಾಸಿಯಾಯಿತು. ನಮ್ಮಲ್ಲಿ ತಡವಾಗಿ ಹಣ್ಣಾಗುವ ರೊಬಸ್ಟಾ ಹೆಚ್ಚು, ಹಾಗಾಗಿ ಕಾಯಿಲೆ ಸ್ವಲ್ಪ ಎಳೆಯಿತು. ಇಷ್ಟೆಲ್ಲ ಕಷ್ಟಪಟ್ಟರೂ ಫೆಬ್ರವರಿಯಲ್ಲಿ ನೋಟೀಸ್ ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರು ಇತ್ತು. ಇತಿಹಾಸದಲ್ಲಿ ಕೊರತೆ.

“ಇನ್ನು ನಾಲ್ಕೇ ಕ್ಲಾಸು ಕಣಮ್ಮ ಭಾರತಿ” ಅಂದರು ಪುಟ್ಟರಾಜು ಸರ್. “ಮಂಗಳವಾರ, ಶುಕ್ರವಾರ, ಎರಡು ವಾರ. ನಾಲ್ಕಕ್ಕೂ ಬಂದ್ರೆ ಸರಿಯಾಗಿ ಎಪ್ಪತ್ತೈದು. ಒಂದು ತಪ್ಪಿದ್ರೂ ಹಾಲ್ ಟಿಕೆಟ್ಟಿಗೆ ನಾನು ಸೈನ್ ಹಾಕಲ್ಲ.”

ಅಂದರೆ ವರ್ಷವೇ ಹೋಯಿತು ಎಂದು ಅರ್ಥ. ಮನೆಯಲ್ಲಿ ಇನ್ನೊಂದು ವರ್ಷ ಕಾಲೇಜಿಗೆ ಕಳಿಸುವ ಮಾತೇ ಇರಲಿಲ್ಲ. ಗಂಡು ನೋಡುವ ಮಾತು ಆಗಲೇ ಜಗಲಿಯ ತನಕ ಬಂದು ಕೂತಿತ್ತು, ಪರೀಕ್ಷೆ ಮುಗಿಯಲಿ ಎಂದು ಅಪ್ಪನೇ ತಡೆದಿದ್ದರು. ಮುಂದೆ ಓದುವ ಆಸೆ ನನಗಿತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೆ. ನಾಲ್ಕೂ ಕ್ಲಾಸಿಗೆ ಹೋಗಿಯೇ ತೀರುತ್ತೇನೆ ಎಂದು ದೇವರ ಮುಂದೆ ನಿಂತು ಹೇಳಿಕೊಂಡೆ. ದೇವರಿಗೆ ಕೇಳಿಸಿತೆಂದು ಕಾಣುತ್ತದೆ. ಸೋಮವಾರ ಸಂಜೆ ಮೈಮೇಲೆಲ್ಲ ನೀರು ಗುಳ್ಳೆ ಎದ್ದವು.

ನಮ್ಮ ಕಡೆ ಅದನ್ನು ಕಾಯಿಲೆ ಅನ್ನುವುದಿಲ್ಲ, ‘ಅಮ್ಮ ಆಗಿದೆ’ ಅನ್ನುತ್ತಾರೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಒಗ್ಗರಣೆ ನಿಲ್ಲಿಸಿ, ಮನೆಯಿಂದ ಹೊರಗೆ ಕಳಿಸದೆ ಇಡುತ್ತಾರೆ. ಡಾಕ್ಟರ ಸರ್ಟಿಫಿಕೇಟು ತರೋಣವೆಂದರೆ ವರ್ಷಕ್ಕೆ ಒಂದು ಕಾಯಿಲೆಯ ಭಾಗ್ಯವನ್ನು ನಾನು ಆಗಲೇ ಸುಳ್ಳು ಕಾಮಾಲೆಗೆ ಖರ್ಚು ಮಾಡಿಬಿಟ್ಟಿದ್ದೆ. ನಿಜವಾದ ಕಾಯಿಲೆ ಬಂದಾಗ ಪುಸ್ತಿಕೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಬೇವಿನ ಸೊಪ್ಪಿನಲ್ಲಿ ಮುಖ ಹುದುಗಿಸಿ, ನಡೆದದ್ದನ್ನೆಲ್ಲ ಹೇಳಿಕೊಂಡು ಅತ್ತೆ.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮೂರನೇ ಕ್ಲಾಸಿನ ತನಕ ಓದಿದವಳು.

“ಎದ್ದು ನಿಂತ್ಕಂಡು ಮುಖ ತೋರ್ಸಿದ್ರೆ ಸಾಕಾ?” ಅಂದಳು.

“ಹೂಂ. ಅದ್ಕೇ ಸುಮಿತ್ರ ಹೇಳಕ್ಕಾಗಲ್ಲ.”

“ಅವ್ಳ್ಯಾಕೆ ಹೇಳ್ಬೇಕು? ಅವ್ಳು ಬ್ಯಾರೆ ಮನೆಯೋಳು. ನಮ್ ಮನೆ ಆಳು ನಮ್ ಮನೆಯಿಂದ್ಲೇ ಹೋಗ್ಬೇಕು. ನಾನ್ ಹೋಗ್ತೀನಿ ಬುಡು.”

ನಾನು ಜ್ವರದಲ್ಲಿ ಏನೋ ಕೇಳಿಸಿಕೊಂಡೆ ಎಂದುಕೊಂಡೆ. ಅಪ್ಪನಾದರೂ ತಡೆಯುತ್ತಾರೆ ಎಂದು ನೋಡಿದರೆ, ಅವರು ಕಣದಲ್ಲಿ ಹಣ್ಣು ಹರಡುತ್ತಾ ಅಲ್ಲಿಂದಲೇ “ಹೋಗ್ಬಾ ಮತ್ತೆ, ಮುಯ್ಯಿ ತಪ್ಸೋದು ಸರಿಯಲ್ಲ” ಅಂದರು. ಅವ್ವನಿಗೆ ಇದ್ದದ್ದು ಒಂದೇ ಅನುಮಾನ. “ಮಧ್ಯಾಹ್ನದೂಟ ಕಾಲೇಜಿನೋರು ಹಾಕ್ತಾರಾ, ಬುತ್ತಿ ಕಟ್ಕಂಡ್ ಹೋಗ್ಬೇಕಾ?”

ಮಂಗಳವಾರ ಬೆಳಿಗ್ಗೆ ಅವ್ವ ಮದುವೆ ಮನೆಗಳಿಗೆಂದು ಇಟ್ಟಿದ್ದ ನೀಲಿ ಸೀರೆ ಉಟ್ಟು, ನನ್ನ ನೋಟ್ ಬುಕ್ಕು ಹಿಡಿದು, ಬುತ್ತಿ ಕಟ್ಟಿಕೊಂಡು, ಬಿಸಿಲೆ ಕಡೆಯಿಂದ ಬರುವ ಬಸ್ಸು ಹತ್ತಿದಳು. ನಾನು ಎಲ್ಲ ದೇವರನ್ನೂ ಕರೆದೆ. ಬಸ್ಸು ಕೆಡಲಿ ಎಂದು ಬೇಡಿಕೊಂಡೆ. ಬೇರೆ ದಿನಗಳಲ್ಲಿ ವಾರಕ್ಕೆರಡು ಸಲ ಕೆಡುತ್ತಿದ್ದ ಬಸ್ಸು ಅಂದು ಹೊತ್ತಿಗೆ ಮುಂಚೆಯೇ ಪೇಟೆ ಸೇರಿತಂತೆ.

ಸಂಜೆ ಸುಮಿತ್ರ ಅಂಗಳದಲ್ಲೇ ದೂರ ನಿಂತು ವರದಿ ಒಪ್ಪಿಸಿದಳು. ಮನೆಯೊಳಗೆ ಬರುವ ಹಾಗಿರಲಿಲ್ಲವಲ್ಲ, ಹಾಗಾಗಿ ಇಡೀ ಕೇರಿಗೆ ಕೇಳಿಸುವ ಹಾಗೆ ಕೂಗಿ ಹೇಳಿದಳು. ಪುಟ್ಟರಾಜು ಸರ್ “ಭಾರತಿ ಎಚ್.ಕೆ.” ಎಂದು ಕೂಗಿದರಂತೆ. ಎರಡನೆಯ ಬೆಂಚಿನಿಂದ ಅವ್ವ ಎದ್ದು “ಬಂದೀನಿ ಸಾರ್” ಅಂದಳಂತೆ. ತರಗತಿ ಬಿದ್ದು ಬಿದ್ದು ನಕ್ಕಿತಂತೆ.

“ಯಾರಮ್ಮ ನೀವು?”

“ಅವ್ಳ ತಾಯಿ ಸಾರ್. ಅವ್ಳಿಗೆ ಅಮ್ಮ ಆಗೈತೆ. ಆಳಿಗೆ ಬದ್ಲು ಆಳು ಬಂದೀನಿ.”

“ಹಾಗೆಲ್ಲ ಬರೋ ಹಾಗಿಲ್ಲಮ್ಮ.”

“ಯಾಕೆ ಸಾರ್? ನಂಗೂ ಕಿವಿ ಕೇಳ್ಸುತ್ತೆ.”

ಪುಟ್ಟರಾಜು ಸರ್ ಡ್ರಾಯರಿನಿಂದ ಅದೇ ಹನ್ನೆರಡು ಪುಟದ ಪುಸ್ತಿಕೆ ತೆಗೆದು ತಿರುವಿ ಹಾಕಿದರಂತೆ. ಕಾಲೇಜಿನ ಚರಿತ್ರೆಯಲ್ಲಿ ಆ ಪುಸ್ತಿಕೆಯನ್ನು ಯಾರಾದರೂ ಉಪಯೋಗಿಸಿದ್ದು ಅಂದೇ ಇರಬೇಕು. ವಿದ್ಯಾರ್ಥಿಯ ಬದಲು ತಾಯಿ ಬರಕೂಡದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅಂಥದೊಂದು ಆಗಬಹುದೆಂದು ಬರೆದವರಿಗೆ ಹೊಳೆದರೆ ತಾನೆ? “ಕೂತ್ಕಳಿ” ಅಂದರಂತೆ. ಹಾಜರಿ ಪುಸ್ತಕದಲ್ಲಿ ಏನು ಗುರುತು ಹಾಕಿದರು ಎಂದು ಸುಮಿತ್ರಳಿಗೆ ಕಾಣಿಸಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಅವ್ವನಿಗೆ ಅದರ ಚಿಂತೆಯೇ ಇರಲಿಲ್ಲ. ಬಂದವಳೇ ಅಪ್ಪ ಸೀಯಿಸಿಟ್ಟ ಗಂಜಿ ಪಾತ್ರೆ ಉಜ್ಜುತ್ತಾ, “ಆ ಫ್ರಾನ್ಸ್ ದೇಶದಾಗೆ ರೊಟ್ಟಿಗೇ ಬರ ಬಂದ್ಬುಟ್ಟಿತ್ತಂತೆ ಕಣೆ. ರಾಜ ನೋಡಿದ್ರೆ ಬೇಟೆ ಆಡ್ಕಂಡವ್ನೆ” ಅಂದಳು. ಥೇಟ್ ನಮ್ಮೂರ ಪಂಚಾಯಿತಿಯ ಸುದ್ದಿ ಹೇಳುವ ದನಿ. ನಾನು ಇದೇ ಪಾಠವನ್ನು ‘ಕ್ರಾಂತಿಯ ಆರ್ಥಿಕ ಕಾರಣಗಳು’ ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದವಳು. ಅದರಲ್ಲಿ ಹಸಿದವರು ಇದ್ದಾರೆ ಎಂಬ ಅನುಮಾನವೂ ನನಗೆ ಬಂದಿರಲಿಲ್ಲ.

ಶುಕ್ರವಾರದ ವರದಿ ಇನ್ನೂ ವಿಚಿತ್ರವಾಗಿತ್ತು. ಸರ್ ಎಂದಿನಂತೆ ನೋಟ್ಸ್ ಹೇಳುತ್ತಿದ್ದರಂತೆ. ಪ್ಯಾರಿಸ್ಸಿನ ಮಾರುಕಟ್ಟೆಯ ಹೆಂಗಸರೆಲ್ಲ ಮಳೆಯಲ್ಲಿ ನೆನೆದುಕೊಂಡು ಅರಮನೆ ತನಕ ನಡೆದು, ರಾಜ ರಾಣಿಯನ್ನು ಗಾಡಿಯಲ್ಲಿ ಕರೆತಂದರು, ಪೂರ್ಣವಿರಾಮ. ಅವ್ವ ಎದ್ದು ನಿಂತಳಂತೆ.

“ಸಾರ್, ಅಷ್ಟು ದೂರ ಹೋದ್ರಲ್ಲ, ಅಲ್ಲೀಗಂಟ ಮನೇಲಿ ಮಕ್ಳನ್ನ ಯಾರು ನೋಡ್ಕಂಡ್ರು?”

ಪುಟ್ಟರಾಜು ಸರ್‌ಗೆ ಅವರ ಸರ್ವಿಸಿನಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ. “ಇದು ಪರೀಕ್ಷೆಗೆ ಬರುತ್ತಾ ಸರ್” ಎಂಬುದನ್ನು ಪ್ರಶ್ನೆ ಎಂದು ಲೆಕ್ಕ ಹಿಡಿಯುವುದಾದರೆ ಬೇರೆ ಮಾತು. ಅವರು ನೋಟ್ಸ್ ಕೆಳಗಿಟ್ಟು, “ಗೊತ್ತಿಲ್ಲಮ್ಮ. ಓದ್ಕೊಂಡು ಬಂದು ಹೇಳ್ತೀನಿ” ಅಂದರಂತೆ. ಮುಂದಿನ ಮಂಗಳವಾರ ಬೀರುವಿನ ಬೀಗ ತೆಗೆಸಿ ಎರಡು ದಪ್ಪ ಪುಸ್ತಕ ಹಿಡಿದುಕೊಂಡು ಬಂದರಂತೆ. ನೋಟ್ಸ್ ತೆಗೆಯಲೇ ಇಲ್ಲವಂತೆ. ಕೆಲವರು ಕೂಸುಗಳನ್ನು ಸೊಂಟದಲ್ಲೇ ಎತ್ತಿಕೊಂಡು ಹೋಗಿರಬೇಕು, ಕೆಲವರು ನೆರೆಮನೆಯಲ್ಲಿ ಬಿಟ್ಟಿರಬೇಕು, ಪುಸ್ತಕ ಬರೆದವರು ಯಾರೂ ಇದನ್ನು ವಿಚಾರಿಸಿಯೇ ಇಲ್ಲ ಎಂದು ಅವ್ವನನ್ನೇ ನೋಡಿ ಹೇಳಿದರಂತೆ. ಆಮೇಲೆ, ಒಂದು ದಿನ ರಾಜ ಆಳಿನ ವೇಷ ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಗಾಡಿ ಹತ್ತಿ ಓಡಿಹೋದದ್ದನ್ನು ಹೇಳತೊಡಗಿದರಂತೆ. ಗಾಡಿ ಊರೂರು ದಾಟಿ ಹೋಗುತ್ತಿರುವಾಗ ಬೆಲ್ ಹೊಡೆಯಿತು.

ಗುರುವಾರ ನನಗೆ ತಲೆಗೆ ನೀರು ಹಾಕಿದರು. ಗುಳ್ಳೆಗಳು ಒಣಗಿದ್ದವು. ಸಂಜೆ ಹೊರಗೆ ಬಂದು ನೋಡಿದರೆ ನೀಲಿ ಸೀರೆಯನ್ನು ಒಗೆದು ತಂತಿಯ ಮೇಲೆ ಹರವಿತ್ತು. ಅವ್ವ ನನ್ನ ತಲೆ ಒರೆಸುತ್ತಾ ಅಂದಳು:

“ನಿಂಗಿನ್ನೂ ಸುಸ್ತೈತೆ ಅಲ್ವೇನೆ? ನಾಳೆದೊಂದು ನಾನೇ ಹೋಗ್ಬರ್ಲಾ?”

“ಬೇಡವ್ವ. ನಾನೇ ಹೋಗ್ತೀನಿ.”

“ಆ ರಾಜ ಗಾಡೀಲಿ ಹೋಗ್ತಾನೇ ಅವ್ನೆ. ಸಿಕ್ಕಾಕಂಡ್ನೋ ತಪ್ಪಿಸ್ಕಂಡ್ನೋ ನೋಡ್ಕಂಡ್ ಬಂದ್ಬುಡ್ತೀನಿ.”

“ಎಲ್ರೂ ನಗ್ತಾರೆ ಅವ್ವ.”

“ಮೊದ್ಲನೇ ದಿನ ನಕ್ರು. ಆಮೇಲೆ ಯಾರೂ ನಗ್ಲಿಲ್ಲ.”

“ನಂಗೆ ನಾಚ್ಕೆ ಆಗ್ತೈತೆ” ಅಂದೆ.

ಅಂದುಬಿಟ್ಟೆ. ಇಷ್ಟು ಹೊತ್ತು ಬೇರೆಯವರನ್ನು ಆಡಿಕೊಂಡು ಬರೆದೆನಲ್ಲ, ಆ ಎಲ್ಲರಿಗಿಂತ ಸಣ್ಣವಳಾಗಿ ನಾನು ಅಂದು ಅಂಗಳದಲ್ಲಿ ನಿಂತಿದ್ದೆ. “ಹಂಗಾದ್ರೆ ಬುಡು” ಅಂದಳು ಅವ್ವ. ಸೀರೆಯನ್ನು ತಂತಿಯಿಂದ ತೆಗೆದು, ಇನ್ನೂ ಅಂಚು ಒದ್ದೆಯಿದ್ದರೂ ಮಡಿಸಿಕೊಂಡು ಒಳಗೆ ಹೋದಳು. ಇಬ್ಬರೂ ಹೋಗಬಹುದಿತ್ತು ಎಂದು ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ನನ್ನ ಹೆಸರು ಕೂಗಿದಾಗ ನಾನೇ ಎದ್ದು ನಿಂತೆ. ಪುಟ್ಟರಾಜು ಸರ್ ಮುಖ ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿದರು. “ಅವ್ವ ಬರ್ಲಿಲ್ವಾ?” ಅಂದರು. ಇಲ್ಲ ಸರ್ ಅಂದೆ. ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು, ಪುಟಗಳ ನಡುವೆ ಕಾಗದದ ಚೂರು ಸಿಕ್ಕಿಸಿದ್ದರು. ಅವನ್ನು ಪಕ್ಕಕ್ಕೆ ಸರಿಸಿ ಹಳದಿ ನೋಟ್ಸ್ ತೆಗೆದು “ಬರ್ಕೊಳಿ” ಅಂದರು.

ಸಂಜೆ ಅವ್ವ ಕಣದಲ್ಲಿ ಕಾಯುತ್ತಿದ್ದಳು. “ಏನಾಯ್ತೆ ರಾಜಂಗೆ?”

ನಾನು ನೋಟ್ ಬುಕ್ಕು ತೆರೆದು ಓದಿದೆ. “ಪಲಾಯನದ ಪರಿಣಾಮಗಳು. ಒಂದು, ಜನರ ವಿಶ್ವಾಸ ನಷ್ಟ. ಎರಡು…”

“ಅದಲ್ಲ ಕಣೆ. ಹೆಂಗೆ ಸಿಕ್ಕಾಕಂಡ?”

“ಬರೆಸ್ಲಿಲ್ಲ” ಅಂದೆ.

ಅವ್ವ ಹಣ್ಣು ಕೆದಕುವ ಕೋಲು ತೆಗೆದುಕೊಂಡು ಕಣದ ಆ ಕಡೆಗೆ ಹೋದಳು.

ಹದಿನೈದು ದಿನ ಬಿಟ್ಟು ಹಾಲ್ ಟಿಕೆಟ್ಟಿಗೆ ಸಹಿ ಹಾಕಿಸಲು ಹೋದೆ. ಪುಟ್ಟರಾಜು ಸರ್ ಹಾಜರಿ ಪುಸ್ತಕ ಬಿಡಿಸಿ ನನ್ನ ಸಾಲಿನ ಮೇಲೆ ಬೆರಳು ಇಟ್ಟರು. ಆ ನಾಲ್ಕು ಕ್ಲಾಸಿನ ಚೌಕಗಳಲ್ಲೂ ಹಾಜರಿ ಇತ್ತು. “ಆಳಿಗೆ ಆಳು ಬಂದ್ಮೇಲೆ ಬಂದ ಹಾಗೇನೇ. ನಮ್ಮೂರಲ್ಲೂ ಹಾಗೇ” ಅಂದು ಸಹಿ ಹಾಕಲು ಪೆನ್ನು ಹುಡುಕಿದರು. ನನಗೆ ಉಸಿರು ಬಂತು. ಆಗ ಪುಟದ ಕೆಳಗೆ ಕಣ್ಣು ಹೋಯಿತು. ಮೂವತ್ತೆಂಟನೆಯ ಹೆಸರಿನ ಕೆಳಗೆ ಮೂವತ್ತೊಂಬತ್ತು ಎಂದು ಬರೆದು, ಅದರ ಮುಂದೆ ಪೆನ್ಸಿಲಿನಲ್ಲಿ, ದುಂಡಗೆ, ಅವ್ವನ ಹೆಸರು ಬರೆದಿದ್ದರು. ಮೊದಲ ಮೂರು ದಿನ ಹಾಜರಿ. ಕೊನೆಯ ಶುಕ್ರವಾರದ ಚೌಕದಲ್ಲಿ, ಬೇರೆ ಎಲ್ಲರಿಗೂ ಹಾಕುವ ಹಾಗೆಯೇ ಕೆಂಪು ಶಾಯಿಯಲ್ಲಿ, ಗೈರುಹಾಜರಿ ಎಂದು ಗುರುತು ಹಾಕಿದ್ದರು.

ಅದನ್ನು ನಾನು ಅವ್ವನಿಗೆ ಇವತ್ತಿನ ತನಕ ಹೇಳಿಲ್ಲ.